ಜೋಡಿ ಹುಡುಕುತ್ತಿರುವ ಗೇಮ್ ಚಾನೆಲ್‌ಗಳು: ಹುಡುಗರ ಆಟದಲ್ಲಿ ಅಂಗಡಿಯವರಿಗೂ ಅಪ್ಪ-ಅವ್ವನಿಗೂ ಇರುವ ಲೆಕ್ಕ

ಹಾವೇರಿ: ಸಂಜೆ ಹೊತ್ತು ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ, ಬಸ್ ಸ್ಟ್ಯಾಂಡ್ ಪಕ್ಕದ ಚಹಾದಂಗಡಿ ಕಟ್ಟೆ ಮೇಲೆ, ಮೊಬೈಲ್ ಅಂಗಡಿ ಮೆಟ್ಟಿಲ ಮೇಲೆ ನಾಲ್ಕು ಹುಡುಗರು ಫೋನ್ ಅಡ್ಡ ಹಿಡಿದು ಕೂತಿರುತ್ತಾರೆ. ಆಡುವುದು ಹೆಚ್ಚಾಗಿ ಎರಡೇ ಆಟ. ಒಂದು ಫ್ರೀ ಫೈರ್ ಮ್ಯಾಕ್ಸ್, ಇನ್ನೊಂದು ಬಿಜಿಎಂಐ. ಇದೇನು ಹೊಸ ಸುದ್ದಿಯಲ್ಲ. ಆದರೆ ಆ ನಾಲ್ವರಲ್ಲಿ ಒಬ್ಬನಿಗಾದರೂ ಈಗ ಸ್ವಂತ ಯೂಟ್ಯೂಬ್ ಚಾನೆಲ್ ಇರುತ್ತದೆ. ಅವನ ಹುಡುಕಾಟ ಆಟದ್ದಲ್ಲ, ಜೊತೆಗಾರರದ್ದು. "ನಮ್ ಕಡೆ ಮಾತಿನಾಗ ಲೈವ್ ಮಾಡೋರು ಯಾರರ ಅದಾರೇನು, ಕೂಡಿ ಮಾಡೋಣು" ಅನ್ನುವ ಮಾತು ಕಾಮೆಂಟ್‌ಗಳಲ್ಲಿ, ಗಿಲ್ಡ್ ಚಾಟ್‌ನಲ್ಲಿ, ವಾಟ್ಸಾಪ್ ಗ್ರೂಪ್‌ನಲ್ಲಿ ದಿನಾ ಓಡಾಡುತ್ತದೆ.

ದೊಡ್ಡವರಿಗೆ ಇದು ಹುಡುಗಾಟ. ಆದರೆ ಇದರ ಹಿಂದೆ ದುಡ್ಡಿದೆ, ಸ್ನೇಹ ಇದೆ, ಜಗಳ ಇದೆ. 2025ರ ಆಗಸ್ಟ್‌ನಿಂದೀಚೆಗೆ ಜೈಲಿನ ಮಾತಿರುವ ಒಂದು ಕಾಯ್ದೆಯೂ ಇದೆ. ಅಂಗಡಿ ಹೆಸರಲ್ಲಿ ಟೂರ್ನಮೆಂಟ್ ಇಡಿಸುವವರಿಗೂ, ಹುಡುಗರ ಕೈಯಲ್ಲಿ ರೀಲ್ಸ್ ಮಾಡಿಸುವ ವ್ಯಾಪಾರಿಗಳಿಗೂ ಇದು ತಟ್ಟುವ ವಿಷಯ.

ಒಬ್ಬನಿಂದ ಯಾಕೆ ಆಗಲ್ಲ?

ಆಟದ ಸ್ವರೂಪವೇ ಹಾಗಿದೆ. ಫ್ರೀ ಫೈರ್‌ನ ಒಂದು ಪಂದ್ಯದಲ್ಲಿ 50 ಜನ, ಬಿಜಿಎಂಐನಲ್ಲಿ 100 ಜನ ಇಳಿಯುತ್ತಾರೆ. ಕೊನೆಗೆ ಉಳಿದವರು ಗೆದ್ದರು. ಒಬ್ಬನೇ ಆಡಬಹುದು, ಇಬ್ಬರು ಆಡಬಹುದು. ಆದರೆ ನೋಡುವವರಿಗೆ ರುಚಿಸುವುದು ನಾಲ್ವರ ಸ್ಕ್ವಾಡ್. ಅಲ್ಲಿ ಮಾತಿರುತ್ತದೆ. "ಲೇ ಹಿಂದ್ ನೋಡೋ", "ನನ್ನ ಎಬ್ಬಿಸೋ ಮೊದ್ಲು", "ನೀ ಅಲ್ಲೇ ಕುಂದ್ರು, ಬರಬ್ಯಾಡ". ಈ ಬೈದಾಟ, ನಗು, ಗಾಬರಿ ಇಲ್ಲದಿದ್ದರೆ ಗೇಮ್ ವಿಡಿಯೋ ಅಂದರೆ ಯಾರೋ ಓಡುತ್ತಿರುವ ಚಿತ್ರ ಅಷ್ಟೇ. ಊರ ಜಾತ್ರೆಗೆ ನಾಟಕ ಆಡಿಸಬೇಕಾದರೆ ಹೇಗೆ ಒಬ್ಬ ಒಳ್ಳೆ ಖಳನಾಯಕ, ಒಬ್ಬ ಹಾಸ್ಯದವ, ಒಬ್ಬ ಹಾರ್ಮೋನಿಯಂ ಮಾಸ್ತರ ಬೇಕೋ, ಇಲ್ಲೂ ಹಾಗೆಯೇ. ಚೆನ್ನಾಗಿ ಗುರಿ ಹಿಡಿಯುವವ ಬೇರೆ, ಚೆನ್ನಾಗಿ ಮಾತಾಡುವವ ಬೇರೆ. ಎರಡೂ ಒಬ್ಬನಲ್ಲೇ ಸಿಗುವುದು ಅಪರೂಪ.

ಎರಡನೇ ಕಾರಣ ಭಾಷೆ. ಗೇಮಿಂಗ್‌ನಲ್ಲಿ ದೇಶದ ದೊಡ್ಡ ಚಾನೆಲ್‌ಗಳೆಲ್ಲ ಬಹುಪಾಲು ಹಿಂದಿ. ಫ್ರೀ ಫೈರ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಅಜ್ಜುಭಾಯ್ ಅವರ ಟೋಟಲ್ ಗೇಮಿಂಗ್, ಪಬ್ಜಿ ಕಾಲದ ಮಾರ್ಟಲ್, ಡೈನಮೋ, ಇವರ ಕಾಮೆಂಟರಿಯೆಲ್ಲ ಹಿಂದಿಯಲ್ಲೇ. ಬ್ಯಾಡಗಿ, ಹಾನಗಲ್ ಕಡೆಯ ಹುಡುಗರು ಹಿಂದಿ ಕಾಮೆಂಟರಿ ಕೇಳುತ್ತಾ ಅರ್ಧ ಹಿಂದಿ ಕಲಿತದ್ದೂ ಉಂಟು. ಕನ್ನಡದಲ್ಲಿ ಮಾಡುವವರು ಇದ್ದಾರೆ, ಆದರೆ ಒಬ್ಬರು ಮಂಗಳೂರು ಕಡೆ, ಒಬ್ಬರು ಬೆಂಗಳೂರು, ಒಬ್ಬರು ಕಲಬುರಗಿ. ನೋಡುಗರ ಸಂಖ್ಯೆ ಹಿಂದಿಯಷ್ಟು ಇಲ್ಲದಿರುವಾಗ ಒಂಟಿ ಚಾನೆಲ್ ಬೇಗ ದಣಿಯುತ್ತದೆ. ಇಬ್ಬರು ಮೂವರು ಸೇರಿದರೆ ಒಬ್ಬನ ನೋಡುಗರು ಇನ್ನೊಬ್ಬನಿಗೂ ಸಿಗುತ್ತಾರೆ. ಅದಕ್ಕೇ ಈ ಹುಡುಕಾಟ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಜಾತಿಯ ವಿಡಿಯೋದವರಿದ್ದಾರೆ, ಹೋರಿ ಹಬ್ಬದ ಚಾನೆಲ್‌ನವರು. ಅವರಿಗೆ ಈ ತೊಂದರೆ ಇಲ್ಲ. ಅಖಾಡಕ್ಕೆ ಹೋದರೆ ಸಾಕು, ಹೋರಿ ಮೇಲೆ ಪ್ರೀತಿ ಇರುವ ಕ್ಯಾಮೆರಾದವರೆಲ್ಲ ಅಲ್ಲೇ ಭೇಟಿಯಾಗುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತು, ಊರು ಗೊತ್ತು, ಮನೆ ಗೊತ್ತು. ಗೇಮ್‌ನಲ್ಲಿ ಅಂಥ ಬಯಲು ಇಲ್ಲ. ಆ ಕಡೆ ಇರುವವನ ಹೆಸರು ಒಂದು ಐಡಿ, ಮುಖ ಒಂದು ಬೊಂಬೆ. ಅಜ್ಜುಭಾಯ್ ಅವರೇ ವರ್ಷಗಟ್ಟಲೆ ಮುಖ ತೋರಿಸದೆ ಕೋಟಿಗಟ್ಟಲೆ ನೋಡುಗರನ್ನು ಗಳಿಸಿ, ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮುಖ ತೋರಿಸಿದರು. ಈ ಲೋಕದಲ್ಲಿ ಮುಖ ಮುಚ್ಚಿಕೊಳ್ಳುವುದು ತಪ್ಪಲ್ಲ. ಆದರೆ ಜೊತೆಗಾರನನ್ನು ಆರಿಸುವಾಗ ಅದೇ ದೊಡ್ಡ ತೊಡಕು.

ಒಂದೇ ಆಟ ನಂಬಿದವರ ಗತಿ

ಐದು ವರ್ಷದ ಇತಿಹಾಸ ತಿಳಿಯದೆ ಈ ಹುಡುಗರ ಗಡಿಬಿಡಿ ಅರ್ಥ ಆಗುವುದಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿತು. ಸೆಪ್ಟೆಂಬರ್ 2ರಂದು ಪಬ್ಜಿ ಮೊಬೈಲ್ ಸೇರಿ 118 ಆ್ಯಪ್ ಹೋದವು. ಪಬ್ಜಿ ಮೇಲೇ ನಿಂತಿದ್ದ ಚಾನೆಲ್‌ಗಳು ರಾತ್ರೋರಾತ್ರಿ ಖಾಲಿ. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬಿಜಿಎಂಐ ಹೆಸರಲ್ಲಿ ತಂದಿತು. 2022ರ ಫೆಬ್ರುವರಿ 14ರಂದು ಫ್ರೀ ಫೈರ್ ನಿಷೇಧವಾಯಿತು. ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಉಳಿಯಿತು. ಅದೇ ವರ್ಷ ಜುಲೈ 28ರಂದು ಬಿಜಿಎಂಐಯೂ ಆ್ಯಪ್ ಸ್ಟೋರ್‌ಗಳಿಂದ ಮಾಯ. ಅದು ಮರಳಿ ಬಂದದ್ದು 2023ರ ಮೇನಲ್ಲಿ, ಅದೂ ಮೂರು ತಿಂಗಳ ಪರೀಕ್ಷಾ ಅವಧಿಯ ಷರತ್ತಿನ ಮೇಲೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫ್ರೀ ಫೈರ್ ಇಂಡಿಯಾ ಬರುತ್ತದೆ ಎಂದು ಎಂ.ಎಸ್. ಧೋನಿ ಮುಖ ಇಟ್ಟು ಘೋಷಣೆ ಆಯಿತು. ಬಿಡುಗಡೆ ಹೊತ್ತಿಗೆ ಮುಂದೂಡಿದರು.

ಹೀಗೆ ಒಂದಾದ ಮೇಲೆ ಒಂದು ಬಾಗಿಲು ಮುಚ್ಚಿದಾಗ ಉಳಿದುಕೊಂಡವರು ಯಾರು ಎಂದು ನೋಡಿದರೆ, ಆಟಕ್ಕಿಂತ ಹೆಚ್ಚಾಗಿ ಗುಂಪು ಕಟ್ಟಿಕೊಂಡವರು. ಇದಕ್ಕೆ ದೊಡ್ಡ ಉದಾಹರಣೆ ಮುಂಬೈನ ಎಸ್8ಯುಎಲ್. ಮಾರ್ಟಲ್ ಅಂದರೆ ನಮನ್ ಮಾಥುರ್ ಅವರ ಸೋಲ್ ತಂಡ ಮತ್ತು ಥಗ್ ಎಂದು ಕರೆಸಿಕೊಳ್ಳುವ ಅನಿಮೇಶ್ ಅಗರ್ವಾಲ್ ಅವರ 8ಬಿಟ್, ಎರಡೂ 2020ರಲ್ಲಿ ಸೇರಿ ಆದದ್ದು ಅದು. ಒಂದೇ ಆಟದ ಹುಚ್ಚಿನವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಕಟ್ಟಿದ ಮನೆ. ಪಬ್ಜಿ ಹೋದಾಗ ಅವರು ಬೇರೆ ಆಟ ಆಡಿದರು, ಊಟ-ತಿರುಗಾಟದ ವಿಡಿಯೋ ಮಾಡಿದರು, ನೋಡುಗರು ಬಿಟ್ಟು ಹೋಗಲಿಲ್ಲ. 2022ರಲ್ಲಿ ಜಾಗತಿಕ ಇ-ಸ್ಪೋರ್ಟ್ಸ್ ಅವಾರ್ಡ್ಸ್‌ನಲ್ಲಿ ವರ್ಷದ ಕಂಟೆಂಟ್ ತಂಡದ ಪ್ರಶಸ್ತಿಯೂ ಬಂತು. ಅದೇ ಗುಂಪಿನ ಪಾಯಲ್ ಧಾರೆ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯ ಹಳ್ಳಿಯವರು. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಕರೆದು ಮಾತಾಡಿಸಿದ ಏಳು ಗೇಮರ್‌ಗಳಲ್ಲಿ ಅವರೊಬ್ಬರೇ ಹೆಣ್ಣುಮಗಳು. ಹಳ್ಳಿಯಿಂದ ಬಂದವರಿಗೆ ಆಗಲ್ಲ ಅನ್ನುವವರು ಅವರನ್ನು ನೋಡಬಹುದು. ಹಾಗಂತ ಎಲ್ಲರೂ ಪಾಯಲ್ ಆಗ್ತಾರೆ ಅಂತಲ್ಲ. ಲಕ್ಷದಲ್ಲಿ ಒಬ್ಬರ ಕಥೆಯನ್ನು ತೋರಿಸಿ ಮನೆಯಲ್ಲಿ ಹೊಸ ಫೋನ್ ಕೇಳುವ ಹುಡುಗರಿಗೇನೂ ಕೊರತೆ ಇಲ್ಲ.

ಗುಂಡಿನ ಆಟವೇ ಆಗಬೇಕೆಂದೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಹಾಸ್ಯ ಕಲಾವಿದ ಸಮಯ್ ರೈನಾ ಯೂಟ್ಯೂಬ್ ಲೈವ್‌ನಲ್ಲಿ ಚೆಸ್ ಆಡತೊಡಗಿದರು. ಆಟ ಅಷ್ಟೇನೂ ಬರುತ್ತಿರಲಿಲ್ಲ, ಪ್ರೀತಿ ಇತ್ತು. ಚೆಸ್‌ಬೇಸ್ ಇಂಡಿಯಾದ ಸಾಗರ್ ಶಾ, ಗ್ರ್ಯಾಂಡ್‌ಮಾಸ್ಟರ್ ವಿದಿತ್ ಗುಜರಾತಿ ಜೊತೆಯಾದರು. ಒಬ್ಬರಿಗೆ ನಗಿಸಲು ಬರುತ್ತೆ, ಇನ್ನೊಬ್ಬರಿಗೆ ಆಟ ಬರುತ್ತೆ. 2021ರ ಜೂನ್‌ನಲ್ಲಿ ವಿಶ್ವನಾಥನ್ ಆನಂದ್ ಜೊತೆ ಗಣ್ಯರು ಆಡಿದ ಆನ್‌ಲೈನ್ ಪಂದ್ಯದಿಂದ ಬೆಂಗಳೂರಿನ ಅಕ್ಷಯ ಪಾತ್ರ ಫೌಂಡೇಶನ್‌ಗೆ ಹಣವೂ ಸೇರಿತು. ಮನೆಯಲ್ಲಿ ಬಂದೂಕಿನ ಆಟ ಬೇಡ ಅನ್ನುವ ಅಪ್ಪ-ಅವ್ವನಿಗೆ ಈ ದಾರಿ ನೆನಪಿರಲಿ.

ಸಿಗುವುದು ಎಲ್ಲಿ?

ಹುಡುಗರು ಹೇಳುವ ದಾರಿಗಳು ಬಹಳ ಇವೆ, ಕೆಲಸಕ್ಕೆ ಬರುವವು ಕಡಿಮೆ. ಯೂಟ್ಯೂಬ್‌ನಲ್ಲಿ ಆಟದ ಹೆಸರಿನ ಮುಂದೆ ಕನ್ನಡ ಎಂದು ಬರೆದು ಹುಡುಕಿದರೆ ಮೊದಲು ಬರುವುದು ದೊಡ್ಡ ಚಾನೆಲ್. ಅವರು ಹೊಸಬರಿಗೆ ಉತ್ತರ ಕೊಡುವುದು ಕಷ್ಟ. ಫಿಲ್ಟರ್ ಒತ್ತಿ ಈ ವಾರ ಹಾಕಿದ ವಿಡಿಯೋ ಮಾತ್ರ ನೋಡಿದರೆ ನೂರು, ಇನ್ನೂರು ವ್ಯೂ ಇರುವ ಸಣ್ಣವರು ಸಿಗುತ್ತಾರೆ. ನಿಜವಾದ ಜೊತೆ ಸಿಗುವುದು ಅಲ್ಲೇ. ಲೈವ್ ನಡೆಯುತ್ತಿರುವಾಗ ಕಸ್ಟಮ್ ರೂಮ್‌ನ ಐಡಿ, ಪಾಸ್‌ವರ್ಡ್ ಹಾಕಿ ನೋಡುಗರನ್ನೇ ಆಟಕ್ಕೆ ಕರೆಯುವ ಪದ್ಧತಿ ಇದೆ. "ಐಡಿ ಪಾಸ್ ಹಾಕ್ರಿ ಬ್ರೋ" ಎಂದು ಕಾಮೆಂಟ್ ತುಂಬುವುದು ಅದಕ್ಕೇ. ನಾಲ್ಕು ದಿನ ಅದೇ ರೂಮ್‌ಗೆ ಹೋದರೆ ಯಾರು ಹೇಗೆ, ಸೋತಾಗ ಯಾರ ಬಾಯಿ ಕೆಡುತ್ತೆ, ಯಾರು ಹ್ಯಾಕ್ ಹಾಕಿ ಆಡ್ತಾರೆ ಎಲ್ಲ ಗೊತ್ತಾಗುತ್ತದೆ.

ಫ್ರೀ ಫೈರ್‌ನ ಗಿಲ್ಡ್, ಬಿಜಿಎಂಐನ ಕ್ಲ್ಯಾನ್ ಇನ್ನೊಂದು ಜಾಗ. ಡಿಸ್ಕಾರ್ಡ್ ಅನ್ನುವ ಆ್ಯಪ್‌ನಲ್ಲಿ ಆಟದ ಹೊತ್ತಿನಲ್ಲೇ ಧ್ವನಿಯಲ್ಲಿ ಮಾತಾಡುವ ಕೋಣೆಗಳಿವೆ. ವಾಟ್ಸಾಪ್ ಗ್ರೂಪ್ ನೆಚ್ಚಿಕೊಂಡವರಿಗೆ ಬರುವುದು ಬರೀ ಲಿಂಕು. "ಸಬ್ ಮಾಡು, ನಾನೂ ಮಾಡ್ತೀನಿ" ಅನ್ನುವ ಕೊಡು-ಕೊಳ್ಳುವ ವ್ಯಾಪಾರ. ಇದರಿಂದ ಉಪಯೋಗ ಇಲ್ಲ ಅನ್ನುವುದಷ್ಟೇ ಅಲ್ಲ, ಯೂಟ್ಯೂಬ್ ನಿಯಮಕ್ಕೂ ವಿರುದ್ಧ. ಹಾಗೆ ಬಂದ ಸಾವಿರ ಜನ ವಿಡಿಯೋ ನೋಡುವುದಿಲ್ಲ. ಅವರು ನೋಡದಿದ್ದರೆ ಯೂಟ್ಯೂಬ್ ಅದನ್ನು ಬೇರೆಯವರಿಗೆ ಯಾಕೆ ತೋರಿಸೀತು?

ಹೆಣ್ಣುಮಕ್ಕಳ ವಿಷಯ ಬೇರೆಯೇ. ಆಡುವವರಿದ್ದಾರೆ, ಆದರೆ ಮೈಕ್ ಆನ್ ಮಾಡಿದ ಕೂಡಲೇ ಆ ಕಡೆಯಿಂದ ಬರುವ ಮಾತು ಕೇಳಲಾಗದೆ ಆಫ್ ಮಾಡಿ ಆಡುತ್ತಾರೆ. ಗುರುತಿನವರದ್ದೇ ಸ್ಕ್ವಾಡ್ ಬೇಕು ಅನ್ನುವುದು ಅವರಿಗೆ ಸೌಕರ್ಯದ ಪ್ರಶ್ನೆಯಲ್ಲ.

ದುಡ್ಡು ಯಾರ ಹೆಸರಿಗೆ?

ಜಗಳ ಶುರುವಾಗುವುದು ಇಲ್ಲಿ. ಯೂಟ್ಯೂಬ್‌ನಿಂದ ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ ಆಗಬೇಕು. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಚಾನೆಲ್‌ನವರಿಗೆ ಶೇ 55, ಶಾರ್ಟ್ಸ್‌ನಲ್ಲಿ ಶೇ 45. ಗೂಗಲ್‌ನ ಆ್ಯಡ್‌ಸೆನ್ಸ್ ಖಾತೆಗೆ 18 ವರ್ಷ ತುಂಬಿರಬೇಕು. ಗಳಿಕೆ 10 ಡಾಲರ್ ದಾಟಿದಾಗ ವಿಳಾಸ ಖಚಿತಪಡಿಸಲು ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ. 100 ಡಾಲರ್ ಆದಾಗ ಹಣ ಬ್ಯಾಂಕಿಗೆ ಬೀಳುತ್ತದೆ. ಹಳ್ಳಿಯಲ್ಲಿ ಮನೆ ನಂಬರ್ ಬರೆಯದೆ ಆ ಕಾಗದ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಪೋಸ್ಟ್‌ಮ್ಯಾನ್‌ಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.

ಈಗ ಲೆಕ್ಕ ನೋಡಿ. ನಾಲ್ಕು ಜನ ಕೂಡಿ ಎರಡು ವರ್ಷ ದುಡಿದ ಚಾನೆಲ್. ಮೇಲ್ ಐಡಿ ಒಬ್ಬನದ್ದು. ಆ್ಯಡ್‌ಸೆನ್ಸ್ ಅವನ ಅಣ್ಣನ ಹೆಸರಿನಲ್ಲಿ, ಯಾಕೆಂದರೆ ಇವರಿಗೆ ಯಾರಿಗೂ 18 ಆಗಿಲ್ಲ. ಬ್ಯಾಂಕ್ ಖಾತೆ ಅವರಪ್ಪನದ್ದು. ಹಣ ಬಂದ ದಿನ ಉಳಿದ ಮೂವರಿಗೆ ಕಾಗದದ ಮೇಲೆ ಏನೂ ಇಲ್ಲ. ಈ ಕಡೆ ಹುಡುಗರ ಗುಂಪು ಒಡೆಯುವುದು ಆಟ ಸೋತದ್ದಕ್ಕಲ್ಲ, ಮೊದಲ ಪೇಮೆಂಟ್ ಬಂದದ್ದಕ್ಕೆ. ಒಂದೇ ವಿಡಿಯೋಗೆ ಹಲವು ಚಾನೆಲ್ ಹೆಸರು ಸೇರಿಸುವ ಸೌಲಭ್ಯ ಈಗ ಯೂಟ್ಯೂಬ್‌ನಲ್ಲೂ ಬಂದಿದೆ, ಇನ್‌ಸ್ಟಾಗ್ರಾಂನಲ್ಲಿ ಮೊದಲಿಂದಲೂ ಇತ್ತು. ಹೆಸರು ಎಲ್ಲರದ್ದೂ ಕಾಣುತ್ತೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣ ಮಾತ್ರ ವಿಡಿಯೋ ಹಾಕಿದ ಚಾನೆಲ್‌ಗೇ. ಹಾಗಾಗಿ ಒಂದು ವಾರ ಇವನ ಚಾನೆಲ್, ಮುಂದಿನ ವಾರ ಅವನ ಚಾನೆಲ್ ಎಂದು ಪಾಳಿ ಹಾಕಿಕೊಂಡವರ ಜೊತೆ ಹೆಚ್ಚು ದಿನ ಬಾಳುತ್ತದೆ. ಒಂದೇ ಚಾನೆಲ್ ಇಟ್ಟರೆ ಪಾಲು ಎಷ್ಟೆಂದು ಮೊದಲೇ ಬರೆದಿಡಬೇಕು. ಸ್ಟಾಂಪ್ ಪೇಪರ್ ಬೇಕಂತಿಲ್ಲ, ವಾಟ್ಸಾಪ್‌ನಲ್ಲಿ ನಾಲ್ವರೂ ಒಪ್ಪಿದ ಒಂದು ಮೆಸೇಜ್ ಆದರೂ ಇರಲಿ.

ಪಾಸ್‌ವರ್ಡ್ ಕೊಡುವುದಂತೂ ಬೇಡವೇ ಬೇಡ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಅಂತ ಇದೆ. ಅಲ್ಲಿ ಜೊತೆಗಾರನ ಮೇಲ್ ಹಾಕಿ ಮ್ಯಾನೇಜರ್ ಅಥವಾ ಎಡಿಟರ್ ಮಾಡಿದರೆ ಸಾಕು, ಅವನು ವಿಡಿಯೋ ಹಾಕಬಹುದು; ಎಡಿಟರ್‌ಗೆ ಚಾನೆಲ್ ಅಳಿಸುವ ಅಧಿಕಾರ ಇರುವುದಿಲ್ಲ. ಜಗಳ ಆದರೆ ಒಂದು ಗುಂಡಿ ಒತ್ತಿ ತೆಗೆಯಬಹುದು.

ಸಹಯೋಗದ ಹೆಸರಲ್ಲಿ ಬರುವ ಕಳ್ಳರು

ಜೊತೆ ಹುಡುಕುವವರೇ ಕಳ್ಳರ ಬಲೆಗೂ ಮೊದಲು ಬೀಳುವವರು. ಗೂಗಲ್‌ನ ಭದ್ರತಾ ತಂಡ 2021ರ ಅಕ್ಟೋಬರ್‌ನಲ್ಲೇ ಇದನ್ನು ವಿವರಿಸಿತ್ತು. ಕೂಡಿ ವಿಡಿಯೋ ಮಾಡೋಣ, ನಮ್ಮ ಹೊಸ ಗೇಮ್ ಅಥವಾ ಎಡಿಟಿಂಗ್ ಆ್ಯಪ್ ಒಮ್ಮೆ ತೋರಿಸಿ, ಹಣ ಕೊಡ್ತೀವಿ ಎಂದು ಮೇಲ್ ಬರುತ್ತದೆ. ಫೈಲ್ ಇಳಿಸಿಕೊಂಡು ತೆರೆದರೆ ಅದು ಬ್ರೌಸರ್‌ನಲ್ಲಿರುವ ಕುಕೀ ಕದಿಯುತ್ತದೆ. ಪಾಸ್‌ವರ್ಡ್ ಬೇಕಾಗಿಲ್ಲ, ಎರಡು ಹಂತದ ಲಾಗಿನ್ ಇದ್ದರೂ ದಾಟಿ ಹೋಗುತ್ತದೆ. ಚಾನೆಲ್ ಹೆಸರು ಬದಲಾಗಿ ಅದರಲ್ಲಿ ಕ್ರಿಪ್ಟೋ ಮೋಸದ ಲೈವ್ ಓಡತೊಡಗುತ್ತದೆ.

ನಮ್ಮ ಕಡೆಯ ರೂಪ ಇನ್ನೂ ಸರಳ. ಅರ್ಧ ಬೆಲೆಗೆ ಡೈಮಂಡ್, ಅರ್ಧ ಬೆಲೆಗೆ ಯುಸಿ. ಹಳೇ ಐಡಿ ಮಾರಾಟಕ್ಕಿದೆ, ಮುಂಗಡ ಹಾಕು. "ನನ್ನ ಲೈವ್‌ನಾಗ ನಿನ್ನ ಹೆಸರು ಹೇಳ್ತೀನಿ, ಐದ್ನೂರು ಫೋನ್‌ಪೇ ಮಾಡು". ಹಾಕಿದ ಮೇಲೆ ಬ್ಲಾಕ್. ಹೋಗುವುದು ಅವ್ವನ ಖಾತೆಯ ದುಡ್ಡು, ಅದು ಮನೆಯಲ್ಲಿ ಗೊತ್ತಾಗುವುದು ಸಂಘದ ಕಂತು ಕಟ್ಟುವ ದಿನ. ಆಟದ ಐಡಿ ಮಾರುವುದು-ಕೊಳ್ಳುವುದು ಆಟದ ಕಂಪನಿಗಳ ನಿಯಮಕ್ಕೇ ವಿರುದ್ಧ, ಹಾಗಾಗಿ ಮೋಸ ಹೋದರೆ ಆ ಕಂಪನಿಯ ಹತ್ತಿರ ದೂರಿದರೂ ನಡೆಯಲ್ಲ. ಮೊಬೈಲ್ ಅಂಗಡಿಯವರು ಹುಡುಗ ನೋಟು ತಂದು ರೀಚಾರ್ಜ್ ಕೋಡ್ ಕೇಳಿದಾಗ ಮನೆಗೊಂದು ಫೋನ್ ಮಾಡಿದರೆ ಗಿರಾಕಿ ಹೋಗಬಹುದು, ಆದರೆ ಮರುದಿನ ಅವರಪ್ಪ ಅಂಗಡಿ ಮುಂದೆ ಬಂದು ಕೂಗಾಡುವುದು ತಪ್ಪುತ್ತದೆ.

ಅಂಗಡಿಯವರು ಗಮನಿಸಬೇಕಾದ ಕಾಯ್ದೆ

2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ದಾಟಿ 22ರಂದು ರಾಷ್ಟ್ರಪತಿ ಅಂಕಿತ ಪಡೆಯಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು, ಅದು ಕೌಶಲವೋ ಅದೃಷ್ಟವೋ ಎಂದು ನೋಡದೆ, ಇದು ನಿಷೇಧಿಸುತ್ತದೆ. ಡ್ರೀಮ್11 ಹಣದ ಸ್ಪರ್ಧೆ ನಿಲ್ಲಿಸಿದ್ದು, ಟೀಂ ಇಂಡಿಯಾ ಜರ್ಸಿಯಿಂದ ಅದರ ಹೆಸರು ಹೋದದ್ದು ಇದರಿಂದಲೇ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ ದಂಡ. ಬರೀ ಆಡಿದವನಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಒಂದು ಕರ್ನಾಟಕ ಹೈಕೋರ್ಟ್‌ನಲ್ಲಿತ್ತು. ಅವೆಲ್ಲವನ್ನೂ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು.

ಸಣ್ಣ ಚಾನೆಲ್‌ಗಳಿಗೆ ಇದರಲ್ಲಿ ಮುಖ್ಯ ಮಾತು ಜಾಹೀರಾತಿನದ್ದು. ಕಲರ್ ಪ್ರಿಡಿಕ್ಷನ್, ವಿಮಾನದ ಆಟ, ಬೆಟ್ಟಿಂಗ್ ಆ್ಯಪ್‌ನವರು ದೊಡ್ಡ ಯೂಟ್ಯೂಬರ್ ಹತ್ತಿರ ಹೋಗುವುದು ಕಡಿಮೆಯಾದಷ್ಟೂ ಹತ್ತು ಸಾವಿರ ಸಬ್‌ಸ್ಕ್ರೈಬರ್ ಇರುವ ಹುಡುಗರ ಕಡೆ ತಿರುಗುತ್ತಾರೆ. ಟೆಲಿಗ್ರಾಂ ಲಿಂಕ್ ಒಂದನ್ನು ವಿಡಿಯೋ ಕೆಳಗೆ ಹಾಕಿದರೆ ಇಷ್ಟು ಅಂತ. ಹಾಕಿದವನ ಜೊತೆ ವಿಡಿಯೋದಲ್ಲಿ ಹೆಸರು ಇರುವ ಇನ್ನಿಬ್ಬರೂ ಪೊಲೀಸರ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬರಬಹುದು. ಜೊತೆಗಾರ ಆರಿಸುವಾಗ ಅವನ ಹಳೆಯ ವಿಡಿಯೋಗಳ ಕೆಳಗಿನ ಲಿಂಕ್‌ಗಳನ್ನು ಒತ್ತಿ ನೋಡುವುದು ಅವನ ಆಟ ನೋಡುವುದಕ್ಕಿಂತ ಮುಖ್ಯ.

ಇನ್ನು ಟೂರ್ನಮೆಂಟ್. ತಲೆಗೆ 50 ರೂಪಾಯಿ ಎಂಟ್ರಿ, ನೂರು ಹುಡುಗರು, ಗೆದ್ದವರಿಗೆ 3,000, ಉಳಿದದ್ದು ನಡೆಸಿದವರಿಗೆ. ಹಬ್ಬದ ಹೊತ್ತಿಗೆ ಮೊಬೈಲ್ ಅಂಗಡಿ ಹೆಸರಲ್ಲಿ ಇಂಥ ಪೋಸ್ಟರ್ ಸ್ಟೇಟಸ್‌ನಲ್ಲಿ ಓಡಾಡುತ್ತವೆ. ಹೊಸ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ ನಿಜ. ಸ್ಪರ್ಧೆಗೆ ಪ್ರವೇಶಿಸಲು ಅಥವಾ ಖರ್ಚಿಗೆಂದು ಶುಲ್ಕ ಪಡೆಯಬಹುದು, ಆಟ ನೋಡಿ ಬಹುಮಾನ ಕೊಡಬಹುದು. ಆದರೆ ಆ ಆಟ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು, ಪಣದ ಅಂಶ ಇರಕೂಡದು. ಎಲ್ಲರಿಂದ ಎತ್ತಿದ ದುಡ್ಡನ್ನೇ ಗೆದ್ದವನಿಗೆ ಹಂಚಿ ನಡುವೆ ಲಾಭ ಇಟ್ಟುಕೊಳ್ಳುವುದು ಹಣದ ಆಟದ ವ್ಯಾಖ್ಯೆಗೆ ಬಹಳ ಹತ್ತಿರ ಹೋಗುತ್ತದೆ. ಹಣದ ಆಟ ನಡೆಸುವುದು ಜಾಮೀನು ರಹಿತ ಅಪರಾಧ. ಎಂಟ್ರಿ ಇಲ್ಲದೆ, ಅಂಗಡಿಯವರೇ ಪ್ರಚಾರದ ಖರ್ಚೆಂದು ಒಂದು ಇಯರ್‌ಫೋನೋ ಟ್ರೋಫಿಯೋ ಇಟ್ಟರೆ ಈ ತಲೆನೋವಿಲ್ಲ. ಇಡೀ ಜಿಲ್ಲೆಯ ಗೇಮ್ ಚಾನೆಲ್‌ನವರು ಒಂದೇ ಜಾಗದಲ್ಲಿ ಮುಖಾಮುಖಿ ಆಗಲು ಅಂಥದ್ದೊಂದು ಭಾನುವಾರ ಸಾಕು. ಹೋರಿ ಚಾನೆಲ್‌ನವರಿಗೆ ಅಖಾಡ ಇದ್ದಹಾಗೆ.

ಅಂಗಡಿಯ ಪ್ರಚಾರವನ್ನು ಹುಡುಗರ ಲೈವ್‌ನಲ್ಲಿ ಹೇಳಿಸುವವರಿಗೆ ಇನ್ನೊಂದು ನಿಯಮ. ದುಡ್ಡಾಗಲಿ, ಪುಕ್ಕಟೆ ಕವರ್ ಆಗಲಿ ಕೊಟ್ಟಿದ್ದರೆ ಇದು ಜಾಹೀರಾತು ಎಂದು ವಿಡಿಯೋದಲ್ಲೇ, ವಿಡಿಯೋದ ಭಾಷೆಯಲ್ಲೇ ಕಾಣುವಂತೆ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆ ಇದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಗ್ರಾಹಕ ಪ್ರಾಧಿಕಾರಕ್ಕಿದೆ.

ಮನೆಯವರು ಕೇಳಬೇಕಾದ ವಯಸ್ಸಿನ ಲೆಕ್ಕ

2025ರ ಜುಲೈ 22ರಿಂದ ಯೂಟ್ಯೂಬ್‌ನಲ್ಲಿ 16 ತುಂಬದವರು ತಾವೊಬ್ಬರೇ ಲೈವ್ ಮಾಡುವಂತಿಲ್ಲ, ದೊಡ್ಡವರು ಜೊತೆಗಿರಬೇಕು. ಮೊದಲು ಇದು 13 ಇತ್ತು. ಬಿಜಿಎಂಐನಲ್ಲಿ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಮಿತಿ, ಮನೆಯವರ ಒಪ್ಪಿಗೆ ಬೇಕು. ಅಪ್ಪನ ನಂಬರ್ ಹಾಕಿ ಒಟಿಪಿ ತಾನೇ ನೋಡಿ ಅಳಿಸಿದರೆ ಆ ಮಿತಿ ಎಲ್ಲಿ ಉಳಿಯುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಗ ಯಾರ ಜೊತೆ ಆಡ್ತಾನೆ ಎಂದು ಕೇಳಿದರೆ ಐಡಿ ಹೆಸರು ಹೇಳುತ್ತಾನೆ. ಯಾವ ಊರವ, ಏನು ಓದ್ತಾನೆ, ಒಮ್ಮೆ ಫೋನ್ ಕೊಡು ಮಾತಾಡ್ತೀನಿ ಅಂದಾಗ ಆ ಕಡೆಯವನು ಮಾತಾಡಿದರೆ ಅರ್ಧ ಚಿಂತೆ ಕಡಿಮೆ. ತಪ್ಪಿಸಿಕೊಂಡರೆ ಸ್ಕ್ವಾಡ್ ಬದಲಿಸುವ ಹೊತ್ತು.

ಯುಪಿಐಯಲ್ಲಿ ಹಣ ಹೋಗಿದ್ದರೆ ನಾಳೆ ನೋಡೋಣ ಅನ್ನದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದರೆ ಆ ಕಡೆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಚಾನೆಲ್ ಕಳುವಾಗಿದ್ದರೆ ಮೊದಲು ಗೂಗಲ್ ಖಾತೆ ವಾಪಸ್ ಪಡೆಯಬೇಕು, ಆಮೇಲೆ ಯೂಟ್ಯೂಬ್‌ನ ಸಹಾಯ ವಿಭಾಗಕ್ಕೆ ತಿಳಿಸಬೇಕು. ಇದಕ್ಕೆ ಚಾನೆಲ್ ತೆರೆದಾಗಿನ ಮೇಲ್ ಐಡಿ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಬೇಕು. ಹಳೇ ಸಿಮ್ ಎಸೆದವರು, ಗೆಳೆಯನ ನಂಬರ್ ಕೊಟ್ಟವರು ಇವತ್ತೇ ಅದನ್ನು ಬದಲಿಸಿಕೊಳ್ಳಬಹುದು. ಫೋನ್‌ನ ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಐದು ನಿಮಿಷದ ಕೆಲಸ.